ಗದ್ದಲದ ದಶಾವತಾರ

ಕಳೆದ ತಿಂಗಳು ನಮ್ಮ ಸಾಹಿತ್ಯ ಕೂಟದ ಸಭೆ ಮುಗಿದು ಚಹಾ ಕುಡಿಯುತ್ತಿದ್ದಾಗ, ನನ್ನ ಅಂಗಿಯ ಮೇಲಿದ್ದ ತಲೆಬುರುಡೆಯ ಚಿತ್ರ ನೋಡಿ ಹಿರಿಯ ಮಿತ್ರರೊಬ್ಬರು, "ಇದೆಂತದು ಮಾರಾಯ, ಹೆವಿ ಮೆಟಲ್ಲಾ? ಅದು ಸಂಗೀತವಾ, ಗದ್ದಲವಾ?" ಎಂದು ಕೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮಾತ್ರ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಏಕೆಂದರೆ ಇದೇ ಪ್ರಶ್ನೆಯನ್ನು ನನ್ನ ಕಾಲೇಜಿನ ಗೆಳೆಯನೊಬ್ಬ ಇನ್ನೊಂದು ವಿಷಯದಲ್ಲಿ ಕೇಳಿದ್ದ. ಸಭಾಗೃಹದಲ್ಲಿ ಯಕ್ಷಗಾನ ನೋಡಲು ನಾನೇ ಕರೆದುಕೊಂಡು ಹೋಗಿದ್ದೆ. ಚೆಂಡೆ ಶುರುವಾದ ಹತ್ತು ನಿಮಿಷಕ್ಕೆ ಅವನು ಕಿವಿ ಮುಚ್ಚಿಕೊಂಡು, "ಯೇ ಮ್ಯೂಸಿಕ್ ಹೈ ಯಾ ಶೋರ್?" ಎಂದಿದ್ದ. ಅಂದು ನನಗೆ ಸಿಟ್ಟು ಬಂದಿತ್ತು. ಹಾಗಾದರೆ ಇಂದು ಈ ಇನ್ನೊಂದು ಗದ್ದಲದ ಪರವಾಗಿಯೂ ನಾಲ್ಕು ಮಾತು ಹೇಳುವುದು ನ್ಯಾಯ ಅಂತ ಕಾಣುತ್ತದೆ.

ನಾನು ಸಂಗೀತ ಶಾಸ್ತ್ರ ಓದಿದವನಲ್ಲ. ವಾಣಿಜ್ಯ ವಿದ್ಯಾರ್ಥಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ರಸ್ತೆಯಲ್ಲಿ ಹಿಂದಿ-ಮರಾಠಿ, ಕಾಲೇಜಿಗೆ ಬಂದ ಮೇಲೆ ಇಂಗ್ಲಿಷ್. ಆದ್ದರಿಂದ ನನಗೆ ತಿಳಿದ ಹಾಗೆ, ನಮ್ಮ ಮಾತಿನಲ್ಲೇ ಹೇಳುತ್ತೇನೆ.

ಕಾರ್ಖಾನೆಯಲ್ಲಿ ಹುಟ್ಟಿದ ಸದ್ದು

ಹೆವಿ ಮೆಟಲ್ ಎಂದರೆ ಭಾರವಾದ ಲೋಹ. ಹೆಸರು ಹೇಗೇ ಬಂದಿರಲಿ, ಇದರ ಹುಟ್ಟಿಗೂ ಲೋಹದ ಕಾರ್ಖಾನೆಗೂ ನಿಜವಾದ ನಂಟು ಉಂಟು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. 1965ರಲ್ಲಿ, ಕೆಲಸ ಬಿಡಬೇಕೆಂದಿದ್ದ ಕೊನೆಯ ದಿನವೇ ಯಂತ್ರಕ್ಕೆ ಕೈ ಸಿಕ್ಕಿ ಎರಡು ಬೆರಳಿನ ತುದಿ ಹೋಯಿತು. ಗಿಟಾರಿನವನಿಗೆ ಬೆರಳಿನ ತುದಿ ಹೋದರೆ ಉಳಿಯುವುದೇನು? ಅವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳುವಾದ ತಂತಿ ಹಾಕಿದ, ಮುಂದೆ ತಂತಿಯನ್ನು ಸಡಿಲ ಮಾಡಿ ಶ್ರುತಿಯನ್ನೇ ಇಳಿಸಿದ. ಸ್ವರ ತಗ್ಗಿತು, ದಪ್ಪವಾಯಿತು. ಅವನ ತಂಡವೇ ಬ್ಲ್ಯಾಕ್ ಸಬಾತ್. 1970ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಿಂದ ಹೆವಿ ಮೆಟಲ್ಲಿನ ಚರಿತ್ರೆಯನ್ನು ಎಣಿಸುವವರು ಬಹಳ ಮಂದಿ.

ಒಂದು ಕಡೆ ತೈಲ ಶುದ್ಧೀಕರಣದ ಚಿಮಣಿ, ಇನ್ನೊಂದು ಕಡೆ ಗೊಬ್ಬರದ ಕಾರ್ಖಾನೆ ನೋಡಿಕೊಂಡು ಬೆಳೆದ ನಮಗೆ ಚೆಂಬೂರಿನವರಿಗೆ ಈ ಕತೆ ತೀರಾ ಪರದೇಶದ್ದು ಅಂತ ಅನಿಸಬೇಕಾಗಿಲ್ಲ.

ಗಾಂಧಾರವಿಲ್ಲದ ಸ್ವರ

ಈ ಸಂಗೀತದ ಬೆನ್ನೆಲುಬನ್ನು ಪವರ್ ಕಾರ್ಡ್ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. ನಮ್ಮ ಭಾಷೆಯಲ್ಲಿ ಹೇಳಿದರೆ ಅದು ಬರೀ ಷಡ್ಜ ಮತ್ತು ಪಂಚಮ. ತಂಬೂರಿಯಲ್ಲಿ, ಭಜನೆಯ ಶ್ರುತಿಪೆಟ್ಟಿಗೆಯಲ್ಲಿ ನಾವು ದಿನಾ ಕೇಳುವುದೂ ಅದನ್ನೇ. ಪಾಶ್ಚಾತ್ಯ ಸಂಗೀತದಲ್ಲಿ ಷಡ್ಜ-ಪಂಚಮಗಳ ನಡುವೆ ಗಾಂಧಾರ ಸೇರುತ್ತದೆ. ಆ ಗಾಂಧಾರ ದೊಡ್ಡದಾದರೆ ಸಂತೋಷ, ಸಣ್ಣದಾದರೆ ದುಃಖ ಎಂದು ಒಂದು ರೂಢಿ. ಮೆಟಲ್ಲಿನವರು ಗಾಂಧಾರವನ್ನು ಬಿಟ್ಟುಬಿಟ್ಟರು. ಕಾರಣ ಸರಳವಾದದ್ದು. ಆಂಪ್ಲಿಫೈಯರಿಗೆ ಅದರ ಶಕ್ತಿಗೆ ಮೀರಿ ಸ್ವರ ತುಂಬಿದರೆ ಸ್ವರ ಒಡೆದು ಕರಕರ ಎನ್ನುತ್ತದೆ. ಆ ಕರಕರದಲ್ಲಿ ಗಾಂಧಾರ ಸೇರಿದರೆ ಎಲ್ಲ ಕಲಸುಮೇಲೋಗರ. ಬರೀ ಸ-ಪ ಇದ್ದರೆ ಎಷ್ಟು ಒಡೆದರೂ ಗಟ್ಟಿಯಾಗಿ ನಿಲ್ಲುತ್ತದೆ. ಅದರ ಕೆಳಗೆ ಡ್ರಮ್ಮಿನವನು ಎರಡೂ ಕಾಲಿನಿಂದ ದೊಡ್ಡ ಡ್ರಮ್ಮನ್ನು ಬಿಡದೆ ತುಳಿಯುತ್ತಾನೆ. ಇಷ್ಟೇ ವಿದ್ಯೆ. ಬಾರಿಸಲು ಮಾತ್ರ ವರ್ಷಗಟ್ಟಲೆ ಸಾಧನೆ ಬೇಕು.

ಇದರಲ್ಲಿ ಪವರ್ ಮೆಟಲ್ ಎಂಬುದೊಂದು ಕವಲು. ವೇಗ ಹೆಚ್ಚು, ಕಂಠ ಏರುದನಿ, ವಸ್ತು ಸಾಧಾರಣವಾಗಿ ಯುದ್ಧ, ವೀರರು, ಪುರಾಣ. ಪ್ರೇಮಗೀತೆ ಕಡಿಮೆ. ನಮ್ಮ ಆಟದ ಪ್ರಸಂಗಗಳ ಪಟ್ಟಿ ನೋಡಿದವರಿಗೆ ಈ ರುಚಿ ಹೊಸದಲ್ಲ.

ಸಣ್ಣ ಊರಿನ ದೊಡ್ಡ ಹೆಸರು

ಈ ಕವಲಿನಲ್ಲಿ ಅಮೆರಿಕದ ಒಂದು ತಂಡದ ಕತೆ ಹೇಳಬೇಕು. ಕ್ಯಾನ್ಸಾಸ್ ರಾಜ್ಯದ ವಿಚಿಟಾ ಎಂಬ ಊರಿನಲ್ಲಿ 1977ರಲ್ಲಿ ಮಾರ್ಕ್ ಶೆಲ್ಟನ್ ಎಂಬವರು ಮನಿಲ್ಲಾ ರೋಡ್ ಎಂಬ ತಂಡ ಕಟ್ಟಿದರು. ದೊಡ್ಡ ಕಂಪೆನಿಯ ಬೆಂಬಲವಿರಲಿಲ್ಲ. ತಮ್ಮದೇ ಲೇಬಲ್ ಮಾಡಿಕೊಂಡು ರೆಕಾರ್ಡು ತಂದರು. 1983ರ 'ಕ್ರಿಸ್ಟಲ್ ಲಾಜಿಕ್' ಈಗ ಈ ಬಗೆಯ ಸಂಗೀತದಲ್ಲಿ ಕ್ಲಾಸಿಕ್ ಎನಿಸಿಕೊಂಡಿದೆ. ಹೆಸರು ಬಂದದ್ದು ತಮ್ಮ ಊರಿಗಿಂತ ಹೆಚ್ಚಾಗಿ ದೂರದ ಜರ್ಮನಿ, ಗ್ರೀಸ್‌ಗಳಲ್ಲಿ. 1990ರ ದಶಕದಲ್ಲಿ ತಂಡ ಒಡೆಯಿತು. ಕೇಳುಗರು ಮಾತ್ರ ಬಿಡಲಿಲ್ಲ. 2001ರಲ್ಲಿ ಮತ್ತೆ ಹೊಸ ಆಲ್ಬಂ ಬಂತು. 2018ರ ಜುಲೈಯಲ್ಲಿ ಜರ್ಮನಿಯ ಒಂದು ಬಯಲು ಉತ್ಸವದಲ್ಲಿ ಹಾಡಿ ಮುಗಿಸಿದ ಬೆನ್ನಿಗೇ ಶೆಲ್ಟನ್ ತೀರಿಕೊಂಡರು. ವಯಸ್ಸು 60. ವೇಷ ಕಳಚುವ ಮೊದಲೇ ಹೋದ ಕಲಾವಿದರ ಕತೆ ನಮ್ಮಲ್ಲಿಯೂ ಇಲ್ಲವೇ?

ಇಂಥವರನ್ನು ಕಲ್ಟ್ ಎನ್ನುತ್ತಾರೆ. ಅಂದ್ರೆ ಕೇಳುವವರು ಕಡಿಮೆ, ಕೇಳಿದವರು ಬಿಡುವುದಿಲ್ಲ.

ವಾಣಿಜ್ಯದ ಹುಡುಗನಿಗೆ ಇಲ್ಲಿ ಒಂದು ಲೆಕ್ಕ ಎದುರಾಗುತ್ತದೆ. ನಮ್ಮ ಪಾಠದಲ್ಲಿ ಗುಡ್‌ವಿಲ್ ಎಂಬುದು ಉಂಟು. ಅಂಗಡಿಯೊಂದು ವರ್ಷಾನುಗಟ್ಟಲೆ ನಡೆದು ಗಳಿಸಿದ ಒಳ್ಳೆಯ ಹೆಸರು. ಆದರೆ ಲೆಕ್ಕಪತ್ರದ ನಿಯಮ ಏನೆಂದರೆ, ಬೇರೆಯವರಿಂದ ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ಲನ್ನು ಆಸ್ತಿ ಎಂದು ಬರೆಯಬಹುದು. ತಾನೇ ಬೆಳೆಸಿಕೊಂಡದ್ದನ್ನು ಬರೆಯುವಂತಿಲ್ಲ. ಮನಿಲ್ಲಾ ರೋಡ್ ಬಿಟ್ಟುಹೋದದ್ದು ಈ ಬರೆಯಲಾಗದ ಆಸ್ತಿ. ಹಾಗಾದರೆ ನಮ್ಮ ಮುಂಬಯಿಯಲ್ಲಿ, ನಮ್ಮ ನಾಡಿನಲ್ಲಿ ಅಂಥ ಆಸ್ತಿ ಏನಾದರೂ ಉಂಟಾ? ಉಂಟು.

ರಂಗಭವನದ ದಿನಗಳು

ಚೆಂಬೂರಿನಿಂದ ಹಾರ್ಬರ್ ಲೈನಿನ ಲೋಕಲ್ ಹಿಡಿದು ಸಿಎಸ್‌ಎಂಟಿಯಲ್ಲಿ ಇಳಿದರೆ ಧೋಬಿ ತಲಾವಿಗೆ ನಡೆದೇ ಹೋಗಬಹುದು. ಅಲ್ಲಿ ಸೇಂಟ್ ಝೇವಿಯರ್ಸ್ ಕಾಲೇಜಿನ ಹತ್ತಿರ ರಂಗಭವನ ಎಂಬ ಬಯಲು ರಂಗಮಂದಿರವಿದೆ. 1978ರಲ್ಲಿ ಶುರುವಾದ ಜಾಝ್ ಯಾತ್ರಾ ಉತ್ಸವ ಅಲ್ಲಿ ನಡೆಯಿತು. 1986ರಿಂದ ಇಂಡಿಪೆಂಡೆನ್ಸ್ ರಾಕ್ ಎಂಬ ಉತ್ಸವವೂ ಅಲ್ಲೇ ಬೇರು ಬಿಟ್ಟಿತು. ನಮ್ಮದೇ ದೇಶದ ಹುಡುಗರ ರಾಕ್ ತಂಡಗಳಿಗೆ ಅದೊಂದು ದೊಡ್ಡ ವೇದಿಕೆ. ಆಮೇಲೆ 2000ದ ಇಸವಿಯಲ್ಲಿ ಶಬ್ದಮಾಲಿನ್ಯ ನಿಯಂತ್ರಣದ ನಿಯಮಗಳು ಬಂದವು. ಆಸ್ಪತ್ರೆ, ಶಾಲೆ-ಕಾಲೇಜು, ನ್ಯಾಯಾಲಯಗಳ ಸುತ್ತ 100 ಮೀಟರು ಮೌನವಲಯ. ರಂಗಭವನದ ಆಸುಪಾಸಿನಲ್ಲಿ ಕಾಲೇಜೂ ಉಂಟು, ಆಸ್ಪತ್ರೆಗಳೂ ಉಂಟು. 2003ರ ಸುಮಾರಿಗೆ ಅಲ್ಲಿ ಗಿಟಾರಿನ ಸದ್ದು ನಿಂತಿತು. ನಾನು ಹುಟ್ಟುವುದಕ್ಕೆ ಮೊದಲೇ ಮುಗಿದ ಕತೆ ಇದು.

ಜಾಗ ಹೋದರೂ ಹುಡುಗರು ಹೋಗಲಿಲ್ಲ. 2000ದಲ್ಲಿ ಮುಂಬಯಿಯ ಸಾಹಿಲ್ ಮಖೀಜಾ ಕಟ್ಟಿದ ಡೆಮೋನಿಕ್ ರಿಸರೆಕ್ಷನ್ ತಂಡ ತನ್ನ ದಾರಿಯನ್ನು ತಾನೇ ಮಾಡಿಕೊಂಡಿತು. ಅವರ ಸಂಗೀತ ಶುದ್ಧ ಪವರ್ ಮೆಟಲ್ ಅಲ್ಲ. ಇನ್ನೂ ಉಗ್ರ, ಗಂಟಲಿನ ಗರ್ಜನೆ ಹೆಚ್ಚು. ಆದರೆ ದೊಡ್ಡ ಕತೆಯನ್ನು ದೊಡ್ಡ ದನಿಯಲ್ಲಿ ಹೇಳುವ ಚಾಳಿ ಅದೇ. ಕಂಪೆನಿಗಳು ಬಾಗಿಲು ತೆರೆಯದಿದ್ದಾಗ ಮಖೀಜಾ ತಾವೇ ಲೇಬಲ್ ಮಾಡಿದರು, ತಾವೇ ಕಾರ್ಯಕ್ರಮ ನಡೆಸಿ ಬೇರೆ ತಂಡಗಳನ್ನೂ ಹತ್ತಿಸಿದರು. 2010ರಲ್ಲಿ ತಂಡ ನಾರ್ವೆಯ ಇನ್ಫರ್ನೋ ಉತ್ಸವಕ್ಕೆ ಹೋಯಿತು, 2014ರಲ್ಲಿ ಜರ್ಮನಿಯ ವಾಕನ್‌ಗೆ. ಆ 2014ರ ಆಲ್ಬಮ್ಮಿನ ಕಲಾವಿದರ ಪಟ್ಟಿಯಲ್ಲಿ ಅಶ್ವಿನ್ ಶ್ರೀಯಾನ್, ನಿಶಿತ್ ಹೆಗ್ಡೆ ಎಂಬ ಹೆಸರು ಓದಿದಾಗ ನನ್ನ ಕಿವಿ ನೆಟ್ಟಗಾಯಿತು. ಊರಿನ ಮದುವೆಯ ಕರೆಯೋಲೆಯಲ್ಲಿ ಕಾಣುವಂಥ ಹೆಸರುಗಳು!

ನಮ್ಮ ಬೆಂಗಳೂರನ್ನೂ ಮರೆಯುವಂತಿಲ್ಲ. 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಕಟ್ಟಿದ ಕ್ರಿಪ್ಟೋಸ್ ತಂಡ ಹಳೆಯ ಶೈಲಿಯ ಹೆವಿ ಮೆಟಲ್ಲನ್ನು ಹಠ ಹಿಡಿದು ಉಳಿಸಿಕೊಂಡಿತು. ಅವರ ಮೊದಲ ಆಲ್ಬಂ 2004ರದ್ದು. 2013ರಲ್ಲಿ ಅವರೂ ವಾಕನ್‌ನಲ್ಲಿ ಬಾರಿಸಿದರು. 2024ರಲ್ಲಿ 'ಡೆಸಿಮೇಟರ್' ಎಂಬ ಆಲ್ಬಂ ತಂದರು. ಇಪ್ಪತ್ತು ವರ್ಷ ಮೀರಿ, ಸಿನಿಮಾದ ನೆರವಿಲ್ಲದೆ ನಮ್ಮ ದೇಶದಲ್ಲಿ ಒಂದು ತಂಡ ಬಾಳುವುದೆಂದರೆ ಅದು ಸಣ್ಣ ಮಾತಲ್ಲ.

ಎರಡು ದಶಾವತಾರ

ನಾನು ಈ ಲೇಖನ ಬರೆಯಲು ನಿಜವಾದ ಕಾರಣ ಈಗ ಬಂತು. 2017ರಲ್ಲಿ ಡೆಮೋನಿಕ್ ರಿಸರೆಕ್ಷನ್ ಒಂದು ಆಲ್ಬಂ ತಂದಿತು. ಹೆಸರು 'ದಶಾವತಾರ್'. ಹತ್ತು ಹಾಡು, ಮತ್ಸ್ಯನಿಂದ ಕಲ್ಕಿಯವರೆಗೆ ಒಂದೊಂದು ಅವತಾರಕ್ಕೆ ಒಂದೊಂದು.

ನಮ್ಮ ಕರಾವಳಿಯಲ್ಲಿ ಯಕ್ಷಗಾನಕ್ಕೆ ಹಿಂದಿನಿಂದ ಇದ್ದ ಹೆಸರು ದಶಾವತಾರ ಆಟ. ವಿಷ್ಣುವಿನ ಅವತಾರದ ಕತೆಗಳನ್ನು ಆಡುವ ಮೇಳಕ್ಕೆ ದಶಾವತಾರ ಮೇಳ ಎಂದೇ ಬೋರ್ಡು. ಬಣ್ಣದ ವೇಷ ಬರುವ ಹೊತ್ತು ನೆನೆಯಿರಿ. ತೆರೆಯ ಹಿಂದಿನಿಂದ ಆರ್ಭಟ, ಚೆಂಡೆಯ ಪೆಟ್ಟು ಏರುತ್ತಾ ಹೋಗುವುದು, ಮಡಿಲಲ್ಲಿ ಕೂತ ಮಕ್ಕಳು ಕಣ್ಣು ಮುಚ್ಚುವುದು. ಮೆಟಲ್ ಗಾಯಕನ ಗರ್ಜನೆ ಕೇಳಿದಾಗ ನನಗೆ ಮೊದಲು ನೆನಪಾದದ್ದು ಅದೇ. ರಾಕ್ಷಸ ಮಾಲ್ಕೌಂಸ್ ಹಾಡಿಕೊಂಡು ರಂಗಕ್ಕೆ ಬರುವುದಿಲ್ಲವಲ್ಲ! ಕ್ರೌರ್ಯವನ್ನು ತೋರಿಸಲು ಎರಡು ದೂರದ ಜನ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಒಂದೇ ಉಪಾಯ ಕಂಡುಕೊಂಡಿದ್ದಾರೆ.

ನನ್ನ ದೊಡ್ಡಪ್ಪ ಮೊದಲು ಇಲ್ಲಿನ ಹವ್ಯಾಸಿ ತಂಡವೊಂದರಲ್ಲಿ ಚೆಂಡೆ ಬಾರಿಸುತ್ತಿದ್ದರು. ಹಗಲಿಡೀ ಕ್ಯಾಂಟೀನಿನ ಕೆಲಸ, ರಾತ್ರಿ ಚೆಂಡೆ. ಭುಜದ ನೋವಿನಿಂದ ಬಿಟ್ಟು ಏಳು ವರ್ಷವಾಯಿತು. ಚೆಂಡೆ ಈಗ ಅಟ್ಟದ ಮೇಲೆ ಹಳೆ ಸೀರೆ ಸುತ್ತಿಕೊಂಡು ಕೂತಿದೆ. ಮೊನ್ನೆ ಧೈರ್ಯ ಮಾಡಿ ಅವರ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ನರಸಿಂಹನ ಹಾಡು ಹಾಕಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕಣ್ಣು ಮುಚ್ಚಿ ಕೊನೆಯ ತನಕ ಕೇಳಿದರು. ಎಡಗೈಯ ಬೆರಳು ಮಂಚದ ಪಟ್ಟಿಯ ಮೇಲೆ ಆಡುತ್ತಿತ್ತು.

"ಪೆಟ್ಟು ಬಿಗಿ ಉಂಟು ಮಗ," ಎಂದರು. "ಡ್ರಮ್ಮಿನವ ಸಾಧಕ. ಆದರೆ ಭಾಗವತ ಎಲ್ಲಿ? ಅರ್ಥ ಹೇಳುವವ ಎಲ್ಲಿ?"

ನನಗೆ ಉತ್ತರ ಹೊಳೆಯಲಿಲ್ಲ. ಅವರ ಪ್ರಶ್ನೆ ಸರಿಯಾದದ್ದೇ. ಆಟದಲ್ಲಿ ಭಾಗವತರು ಪದ ಹೇಳಿದ ಮೇಲೆ ವೇಷಧಾರಿ ಅದರ ಅರ್ಥವನ್ನು ಮಾತಿನಲ್ಲಿ ಬಿಡಿಸುತ್ತಾನೆ. ಹಿಂದೆ ಕೂತ ಅಜ್ಜಿಗೂ ಕತೆ ತಲುಪುತ್ತದೆ. ಮೆಟಲ್ಲಿನಲ್ಲಿ ಅರ್ಥಗಾರಿಕೆ ಇಲ್ಲ. ಅದೂ ಇಂಗ್ಲಿಷ್, ಅದರ ಮೇಲೆ ಗರ್ಜನೆ. ನಾನಂತೂ ಹನ್ನೊಂದನೆಯ ತರಗತಿಯಲ್ಲಿ ಸಾಹಿತ್ಯದ ಹಾಳೆ ಎದುರಿಗಿಟ್ಟು, ಡಿಕ್ಷನರಿ ತೆಗೆದು, ಒಂದೊಂದೇ ಶಬ್ದ ಹುಡುಕಿದವನು. ತರಗತಿಯಲ್ಲಿ ಇಂಗ್ಲಿಷ್ ಮಾತಾಡಲು ನಾಚಿಕೆಪಡುತ್ತಿದ್ದ ನನಗೆ ಈ ಹಾಡುಗಳೇ ಟ್ಯೂಷನ್ ಕೊಟ್ಟವು. ಆದರೆ ಎಲ್ಲರೂ ಡಿಕ್ಷನರಿ ಹಿಡಿದು ಹಾಡು ಕೇಳಬೇಕೆಂದರೆ ಆಗುವ ಮಾತಲ್ಲ.

ಹತ್ತು ಗಂಟೆಯ ಕಾನೂನು

ಇನ್ನೊಂದು ವಿಷಯದಲ್ಲಿ ಮಾತ್ರ ಎರಡೂ ಒಂದೇ ದೋಣಿಯ ಪಯಣಿಗರು. ರಂಗಭವನವನ್ನು ಮೌನವಾಗಿಸಿದ ಆ ನಿಯಮಗಳೇ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ಬಯಲಿನಲ್ಲಿ ಧ್ವನಿವರ್ಧಕ ಬಾರದು ಎನ್ನುತ್ತವೆ. ಬೆಳಗಿನ ತನಕ ನಡೆಯುವ ಬಯಲಾಟಕ್ಕೂ ಪೆಟ್ಟು ಬಿದ್ದದ್ದು ಇದರಿಂದಲೇ. 2022ರಲ್ಲಿ ಕಟೀಲು ಮೇಳದ ಆಟವನ್ನು ಕಾಲಮಿತಿಗೆ ತರುವ ಮಾತು ಬಂದಾಗ ಊರಿನಲ್ಲಿ ಎಷ್ಟು ಚರ್ಚೆಯಾಯಿತೆಂದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಮುಂಬಯಿಯಲ್ಲಿ ನನ್ನ ವಯಸ್ಸಿನವರು ಕಂಡದ್ದೇ ಸಭಾಗೃಹದ ಮೂರು ಗಂಟೆಯ ಆಟ. ಸೂರ್ಯೋದಯದ ಹೊತ್ತಿನ ಮಂಗಳಪದ ದೊಡ್ಡಪ್ಪನ ಬಾಯಲ್ಲಿ ಕೇಳಿ ಗೊತ್ತಷ್ಟೆ.

ಕಾನೂನು ತಪ್ಪು ಎಂದು ನಾನು ಹೇಳಲಾರೆ. ಆಸ್ಪತ್ರೆಯಲ್ಲಿ ಮಲಗಿದವನಿಗೆ ಚೆಂಡೆಯೂ ಒಂದೇ, ಗಿಟಾರೂ ಒಂದೇ. ಪರೀಕ್ಷೆಯ ಹಿಂದಿನ ದಿನ ಪಕ್ಕದ ಮೈದಾನದ ಲೌಡ್‌ಸ್ಪೀಕರಿಗೆ ನಾನೂ ಶಾಪ ಹಾಕಿದ್ದೇನೆ. ನನ್ನ ಕೊರಗು ಬೇರೆ. ಒಂದು ಜಾಗ ಮುಚ್ಚಿದರೆ ಅದಕ್ಕೆ ಬದಲಿ ಜಾಗ ಕೊಡಬೇಕೆಂದು ಯಾರಿಗೂ ತೋಚುವುದಿಲ್ಲ. ಗದ್ದಲವೆಂದು ಒಮ್ಮೆ ಹೆಸರಿಟ್ಟರೆ ಮುಗಿಯಿತು, ಅದರೊಳಗೆ ಷಡ್ಜವಿತ್ತೇ, ಪಂಚಮವಿತ್ತೇ, ನರಸಿಂಹನಿದ್ದನೇ ಎಂದು ಕೇಳುವವರಿಲ್ಲ.

ಕೊನೆಗೆ

ಈ ತಂಡಗಳು ಬಿಟ್ಟುಕೊಟ್ಟ ಆಸ್ತಿಯನ್ನು ಲೆಕ್ಕ ಹಾಕಿದರೆ ನನಗೆ ಕಾಣುವುದು ಇಷ್ಟು. ವೇದಿಕೆ ಇಲ್ಲದಿದ್ದರೆ ತಾವೇ ಕಟ್ಟಿಕೊಳ್ಳುವುದು. ಕೇಳುವವರು ಐವತ್ತು ಜನವಾದರೂ ಐನೂರು ಜನಕ್ಕೆ ಬಾರಿಸುವ ಹಾಗೆಯೇ ಬಾರಿಸುವುದು. ಹೊರಗಿನ ವಾದ್ಯ ಹಿಡಿದರೂ ಮನೆಯ ಕತೆ ಹೇಳಲು ಹೆದರದಿರುವುದು. ಜಮಾ ಬದಿ ಇದು. ಬಾಕಿ ಬದಿಯಲ್ಲಿ ದೊಡ್ಡಪ್ಪನ ಪ್ರಶ್ನೆ ಹಾಗೆಯೇ ಉಳಿದಿದೆ: ಅರ್ಥ ಹೇಳುವವ ಎಲ್ಲಿ? ಕನ್ನಡದಲ್ಲಿ, ನಮ್ಮ ಅಜ್ಜಿಗೂ ತಿಳಿಯುವ ಹಾಗೆ ಇದನ್ನು ಹಾಡುವವರು ನಮ್ಮ ಚೆಂಬೂರಿನಿಂದಲೇ ಬರಬಾರದೇಕೆ?

ಸದ್ಯಕ್ಕೆ ಅಷ್ಟು ದೂರದ ಆಸೆ ಬೇಡ. ಮುಂದಿನ ತಿಂಗಳ ಸಭೆಯಲ್ಲಿ ನನಗೆ ಹದಿನೈದು ನಿಮಿಷ ಕೊಡಬೇಕೆಂದು ಕಾರ್ಯದರ್ಶಿಗಳಲ್ಲಿ ವಿನಂತಿ. ನರಸಿಂಹನ ಹಾಡು ಹಾಕುತ್ತೇನೆ, ಹಾಳೆ ನೋಡಿಕೊಂಡು ಕನ್ನಡದಲ್ಲಿ ಅರ್ಥ ಹೇಳುತ್ತೇನೆ. ದೊಡ್ಡಪ್ಪನನ್ನೂ ಕರೆದಿದ್ದೇನೆ. ಬರುವುದಾದರೆ ಚೆಂಡೆ ಇಳಿಸಿಕೊಂಡೇ ಬರುತ್ತೇನೆ ಎಂದಿದ್ದಾರೆ, ಭುಜ ಒಪ್ಪಬೇಕಷ್ಟೆ. ನನ್ನ ಅಂಗಿ ನೋಡಿ ನಕ್ಕ ಹಿರಿಯ ಮಿತ್ರರು ಮುಂದಿನ ಸಾಲಿನಲ್ಲೇ ಕೂರಬೇಕು. ಕೇಳಿದ ಮೇಲೂ ಅದು ಗದ್ದಲ ಎಂದರೆ ನಾನು ವಾದ ಮಾಡುವುದಿಲ್ಲ, ಚಹಾದ ಖರ್ಚು ನನ್ನದೇ.