ಒಂದು ಕಣ್ಣಿಗೆ ರೆಟಿನಾ ರೋಗ: ಇನ್ನೊಂದು ಕಣ್ಣಿನ ಮೇಲೆ ನಿಗಾ ಇರಲಿ

ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರದ ಹಳ್ಳಿಗಳಲ್ಲಿ ಕಣ್ಣಿನ ತೊಂದರೆ ಎಂದರೆ ಮೊದಲು ನೆನಪಾಗುವುದು ಪೊರೆ. ಶಿಬಿರದಲ್ಲಿ ‘ಪೊರೆ ಬಂದಿಲ್ಲ’ ಎಂದರೆ ಸಾಕು, ನೆಮ್ಮದಿಯಿಂದ ಮನೆಗೆ ಮರಳುತ್ತೇವೆ. ಆದರೆ ಪೊರೆ ಬರುವುದು ಕಣ್ಣಿನ ಮುಂಭಾಗದ ಮಸೂರಕ್ಕೆ. ಬೆಳಕನ್ನು ಗ್ರಹಿಸಿ ಮೆದುಳಿಗೆ ಸುದ್ದಿ ಕಳುಹಿಸುವ ರೆಟಿನಾ ಎಂಬ ತೆಳು ಪರದೆ ಇರುವುದು ಹಿಂಭಾಗದಲ್ಲಿ. ಅದರ ರೋಗಗಳಲ್ಲಿ ಸಾಮಾನ್ಯವಾಗಿ ನೋವಿರುವುದಿಲ್ಲ, ಕಣ್ಣು ಕೆಂಪಾಗುವುದೂ ಇಲ್ಲ.

ಒಂದು ಕಣ್ಣಿನ ರೆಟಿನಾ ಕೆಟ್ಟವರು ‘ಇನ್ನೊಂದು ಚೆನ್ನಾಗಿದೆಯಲ್ಲ’ ಎಂದು ಸಮಾಧಾನಪಡುವುದು ಸಹಜ. ಆದರೆ ಹೆಚ್ಚು ಜಾಗ್ರತೆ ಬೇಕಿರುವುದು ಆ ಇನ್ನೊಂದಕ್ಕೇ. ಸಕ್ಕರೆ ಕಾಯಿಲೆ ಸಾಮಾನ್ಯವಾಗಿ ಎರಡೂ ಕಣ್ಣುಗಳ ರಕ್ತನಾಳಗಳನ್ನು ಕೆಡಿಸುತ್ತದೆ. ತೊಂದರೆ ಮೊದಲು ಒಂದರಲ್ಲಿ ಕಾಣಿಸಬಹುದು, ಅಷ್ಟೇ. ವಯಸ್ಸಾದಂತೆ ರೆಟಿನಾದ ನಡುಭಾಗ ಸವೆಯುವ ಮ್ಯಾಕುಲಾ ರೋಗವೂ ಒಂದು ಕಣ್ಣಿಗೆ ಬಲವಾಗಿ ಬಂದ ಮೇಲೆ ಇನ್ನೊಂದಕ್ಕೆ ಬರುವ ಸಂಭವ ಹೆಚ್ಚು. ಒಂದು ಕಣ್ಣಿನಲ್ಲಿ ರೆಟಿನಾ ಕಳಚಿದ್ದರೆ, ಇನ್ನೊಂದರಲ್ಲೂ ತೆಳುವಾದ ಜಾಗಗಳು ಇರಬಹುದು.

ಎರಡೂ ಕಣ್ಣು ತೆರೆದಿರುವಾಗ ಒಂದರ ಕೊರತೆಯನ್ನು ಇನ್ನೊಂದು ಮುಚ್ಚಿಹಾಕುತ್ತದೆ. ಆದ್ದರಿಂದ ಒಂದೊಂದೇ ಕಣ್ಣನ್ನು ಪರೀಕ್ಷಿಸಬೇಕು. ಸ್ವಿಟ್ಜರ್ಲೆಂಡಿನ ವೈದ್ಯ ಮಾರ್ಕ್ ಆಮ್ಸ್ಲರ್ ಇದಕ್ಕಾಗಿ ಚೌಕಳಿ ಗೆರೆಗಳ ಚಿತ್ರವೊಂದನ್ನು ಬಳಕೆಗೆ ತಂದರು. ವೈದ್ಯರಿಂದ ಅದನ್ನು ಕೇಳಿ ಪಡೆಯಿರಿ. ಓದುವ ಕನ್ನಡಕ ಹಾಕಿ, ಒಂದು ಕಣ್ಣು ಮುಚ್ಚಿ, ಸುಮಾರು ಒಂದು ಅಡಿ ದೂರದಿಂದ ನಡುವಿನ ಚುಕ್ಕೆಯನ್ನೇ ನೋಡಿ. ಗೆರೆಗಳು ಡೊಂಕಾಗಿ ಕಂಡರೆ, ತುಂಡಾದರೆ, ಎಲ್ಲಾದರೂ ಮಸುಕಾದರೆ ಬೇಗನೆ ವೈದ್ಯರಲ್ಲಿಗೆ ಹೋಗಿ. ಮ್ಯಾಕುಲಾ ರೋಗವಿರುವವರು ಇದನ್ನು ದಿನವೂ ಮಾಡುವುದು ಒಳ್ಳೆಯದು.

ಈ ಚಿತ್ರ ನಡುದೃಷ್ಟಿಯನ್ನು ಮಾತ್ರ ತೋರಿಸುತ್ತದೆ. ಇದ್ದಕ್ಕಿದ್ದಂತೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ತೇಲತೊಡಗಿದರೆ, ಪಕ್ಕದಿಂದ ಪರದೆ ಎಳೆದಂತಾದರೆ ಅದು ರೆಟಿನಾ ಹರಿಯುತ್ತಿರುವ ಇಲ್ಲವೇ ಕಳಚುತ್ತಿರುವ ಸೂಚನೆ ಇರಬಹುದು. ಸಂತೆ ಮುಗಿಯಲಿ, ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ಬರೀ ಹರಿದಿದ್ದರೆ ಲೇಸರ್‌ನಿಂದ ಸುತ್ತ ಬಿಗಿಗೊಳಿಸಿ ಕಣ್ಣು ಉಳಿಸಬಹುದು. ಕಳಚಿದರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಮನೆಯ ಪರೀಕ್ಷೆ ವೈದ್ಯರ ಪರೀಕ್ಷೆಗೆ ಬದಲಿಯಲ್ಲ. ಸಕ್ಕರೆ ಕಾಯಿಲೆ ಇರುವವರು ದೃಷ್ಟಿ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ರೆಟಿನಾ ತೋರಿಸಬೇಕು. ಒಂದು ಕಣ್ಣಿಗೆ ಈಗಾಗಲೇ ರೋಗವಿದ್ದರೆ ವೈದ್ಯರು ಹೇಳಿದ ಗಡುವು ತಪ್ಪಿಸಬಾರದು. ಮೈಸೂರಿನ ಕೆ.ಆರ್. ಆಸ್ಪತ್ರೆಗೋ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೋ ಹೋದಾಗ ಎರಡೂ ಕಣ್ಣಿಗೆ ಹನಿ ಹಾಕಿ, ಪಾಪೆ ಹಿಗ್ಗಿಸಿ ನೋಡುವಂತೆ ಕೇಳಿಕೊಳ್ಳಿ. ಆ ನಂತರ ಕೆಲವು ಗಂಟೆ ದೃಷ್ಟಿ ಮಂಜಾಗುವುದರಿಂದ ಬೈಕ್ ಓಡಿಸಬೇಡಿ, ಜೊತೆಗೊಬ್ಬರನ್ನು ಕರೆದೊಯ್ಯಿರಿ.

ಈ ಸೀಮೆ ಹೊಗೆಸೊಪ್ಪಿಗೆ ಹೆಸರಾದದ್ದು. ಬೀಡಿ, ಸಿಗರೇಟು ಸೇದುವವರಿಗೆ ಮ್ಯಾಕುಲಾ ರೋಗದ ಅಪಾಯ ಹೆಚ್ಚು. 2001ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರ ಪ್ರಕಾರ, ಒಂದು ಕಣ್ಣಿನಲ್ಲಿ ಈ ರೋಗ ಬಲಿತವರಲ್ಲಿ ಕೆಲವು ವಿಟಮಿನ್ ಮತ್ತು ಸತುವಿನ ಮಾತ್ರೆಗಳು ರೋಗ ಮುಂದುವರಿಯುವ ಅಪಾಯವನ್ನು ಸುಮಾರು ಶೇ. 25ರಷ್ಟು ತಗ್ಗಿಸುತ್ತವೆ. ಆದರೆ ಅದರಲ್ಲಿದ್ದ ಬೀಟಾ ಕ್ಯಾರೋಟಿನ್ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚಿಸುತ್ತದೆ. 2013ರ ಅಧ್ಯಯನದ ನಂತರ ಅದರ ಬದಲು ಲೂಟೀನ್ ಮತ್ತು ಝಿಯಾಕ್ಸಾಂಥಿನ್ ಬಳಕೆಗೆ ಬಂದಿವೆ. ಆದ್ದರಿಂದ ವೈದ್ಯರನ್ನು ಕೇಳದೆ ಮಾತ್ರೆ ನುಂಗಬೇಡಿ.

ಮನೆಯಲ್ಲಿ ಅಜ್ಜನಿಗೋ ಅಮ್ಮನಿಗೋ ಒಂದು ಕಣ್ಣು ಮಂಜಾಗಿದ್ದರೆ ಇಂದೇ ಆ ಕಣ್ಣು ಮುಚ್ಚಿಸಿ, ಗೋಡೆಯ ಕ್ಯಾಲೆಂಡರ್ ಓದಿಸಿ ನೋಡಿ. ಉಳಿದಿರುವ ಒಂದು ಕಣ್ಣೇ ಅವರಿಗೆ ಹೊಲದ ದಾರಿ, ಅದೇ ಮನೆಯವರ ಮುಖ.