ನೆಗೆತವನ್ನು ಅಳೆಯುವ ಕ್ಯಾಮೆರಾ

ನಾಗಾಲೋಟದಲ್ಲಿ ಓಡುವ ಕುದುರೆಯ ನಾಲ್ಕು ಕಾಲುಗಳೂ ಒಮ್ಮೆಗೇ ನೆಲ ಬಿಡುತ್ತವೆಯೇ? ಬರಿಗಣ್ಣಿನಿಂದ ಇತ್ಯರ್ಥವಾಗದ ಈ ವಾದ 1878ರಲ್ಲಿ ಅಮೆರಿಕದ ಪಾಲೊ ಆಲ್ಟೊದಲ್ಲಿ ಬಗೆಹರಿಯಿತು. ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಓಟದ ಹಾದಿಯ ಪಕ್ಕದಲ್ಲಿ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟು, ಹಾದಿಗೆ ಅಡ್ಡಲಾಗಿ ದಾರಗಳನ್ನು ಕಟ್ಟಿದ. ಕುದುರೆ ಒಂದೊಂದು ದಾರವನ್ನು ತಾಗಿದಂತೆ ಒಂದೊಂದು ಚಿತ್ರ. ನಾಲ್ಕೂ ಗೊರಸುಗಳು ಗಾಳಿಯಲ್ಲಿದ್ದುದು ಅಲ್ಲಿ ಸ್ಪಷ್ಟವಾಗಿ ಮೂಡಿತ್ತು. ಆದರೆ ಆ ಖರ್ಚನ್ನು ಹೊರಲು ಲೀಲ್ಯಾಂಡ್ ಸ್ಟ್ಯಾನ್‌ಫರ್ಡರಂಥ ಸಿರಿವಂತರು ಬೇಕಾದರು.

ಕ್ರೀಡಾವಿಜ್ಞಾನದ ಪ್ರಯೋಗಶಾಲೆಗಳ ಕಥೆಯೂ ಬೇರೆಯಲ್ಲ. ಆಟಗಾರನ ಮೈಮೇಲೆ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿ, ಸುತ್ತಲೂ ವಿಶೇಷ ಕ್ಯಾಮೆರಾಗಳನ್ನು ನಿಲ್ಲಿಸಿ ಚಲನೆಯನ್ನು ಅಳೆಯುವ ಪದ್ಧತಿ ಊರ ಶಾಲೆಯ ವ್ಯಾಯಾಮ ಶಿಕ್ಷಕರ ಕೈಗೆ ಎಟುಕುವಂಥದಲ್ಲ. ಅವರ ಜೇಬಿನಲ್ಲಿರುವ ಫೋನು ಆ ಕೆಲಸದ ಒಂದು ಪಾಲನ್ನು ಮಾಡಬಲ್ಲದು. ಎಷ್ಟು ಪಾಲು ಎಂಬುದೇ ಪ್ರಶ್ನೆ.

ವಾಲಿಬಾಲ್ ಆಡುವ ಹುಡುಗಿಯೊಬ್ಬಳು ನಿಂತಲ್ಲಿಂದ ನೆಟ್ಟಗೆ ಮೇಲಕ್ಕೆ ನೆಗೆದಳೆನ್ನಿ. ಪಾದ ನೆಲ ಬಿಟ್ಟ ಚಿತ್ರದಿಂದ ಮತ್ತೆ ನೆಲ ಮುಟ್ಟಿದ ಚಿತ್ರದವರೆಗೆ ಎಣಿಸಿದರೆ, ಆಕೆ ಗಾಳಿಯಲ್ಲಿದ್ದ ಕಾಲ ಸಿಗುತ್ತದೆ. ಅದರಲ್ಲಿ ಅರ್ಧ ಏರಲು, ಅರ್ಧ ಇಳಿಯಲು. ಸೆಕೆಂಡುಗಳಲ್ಲಿರುವ ಆ ಕಾಲವನ್ನು ಅದರಿಂದಲೇ ಗುಣಿಸಿ, ಬಂದುದನ್ನು ಭೂಮಿಯ ಸೆಳೆತದ ಅಂಕಿಯಾದ 9.81ರಿಂದ ಗುಣಿಸಿ, 8ರಿಂದ ಭಾಗಿಸಿದರೆ ನೆಗೆತದ ಎತ್ತರ ಮೀಟರುಗಳಲ್ಲಿ ದೊರೆಯುತ್ತದೆ. ಅರ್ಧ ಸೆಕೆಂಡು ಗಾಳಿಯಲ್ಲಿದ್ದವಳು ಸುಮಾರು 31 ಸೆಂಟಿಮೀಟರ್ ಏರಿರುತ್ತಾಳೆ.

ಇಲ್ಲೇ ಎಚ್ಚರ ಬೇಕು. ಸೆಕೆಂಡಿಗೆ 30 ಚಿತ್ರ ತೆಗೆಯುವಾಗ ಒಂದೇ ಒಂದು ಚಿತ್ರ ಹೆಚ್ಚಾಗಿ ಎಣಿಕೆಯಾದರೆ 31 ಎಂಬುದು 35 ಆಗಿಬಿಡುತ್ತದೆ. ತಿಂಗಳುಗಟ್ಟಲೆ ಬೆವರು ಸುರಿಸಿ ಗಳಿಸುವ ಏಳಿಗೆಯೂ ಅಷ್ಟೇ ಇದ್ದೀತು! ತಂಡಕ್ಕೆ ಯಾರು ಸೇರಬೇಕೆಂಬುದನ್ನು ಇಂಥ ಅಂಕಿಯ ಮೇಲೆ ತೀರ್ಮಾನಿಸುವುದು ಅನ್ಯಾಯವೇ ಸರಿ. ಅನೇಕ ಫೋನುಗಳಲ್ಲಿ ಸ್ಲೋ ಮೋಷನ್ ಸೌಕರ್ಯವಿದೆ. ಅದರಲ್ಲಿ ಸೆಕೆಂಡಿಗೆ 240 ಚಿತ್ರ ತೆಗೆದರೆ ಅದೇ ತಪ್ಪು ಅರ್ಧ ಸೆಂಟಿಮೀಟರಿಗೆ ಇಳಿಯುತ್ತದೆ. ಬೆಳಕು ಮಾತ್ರ ಧಾರಾಳವಾಗಿರಬೇಕು. ಮಂಕಾದರೆ ಪಾದದ ಅಂಚೇ ಕಾಣದು. ಇನ್ನು, ಇಳಿಯುವಾಗ ಮೊಣಕಾಲು ಮಡಿಸಿದರೆ ಪಾದ ತಡವಾಗಿ ನೆಲ ಮುಟ್ಟಿ, ನೆಗೆತ ಇದ್ದುದಕ್ಕಿಂತ ಎತ್ತರವಾಗಿ ತೋರುತ್ತದೆ. ಚೂಟಿ ಮಕ್ಕಳು ಈ ಉಪಾಯವನ್ನು ಬೇಗ ಕಂಡುಕೊಳ್ಳುತ್ತಾರೆ.

ಮೊಣಕಾಲು ಎಷ್ಟು ಬಾಗಿತೆಂದು ತಿಳಿಯುವುದು ಇನ್ನೂ ಕಷ್ಟ. ಕ್ಯಾಮೆರಾ ಸರಿಯಾಗಿ ಪಕ್ಕದಲ್ಲಿ ನಿಲ್ಲದೆ ಓರೆಯಾದರೆ ಕೋನವೂ ತಪ್ಪುತ್ತದೆ, ಏಕೆಂದರೆ ಒಂಟಿ ಕಣ್ಣಿಗೆ ಆಳ ನಿಲುಕದು. ಮನೆಯ ಆಟಕ್ಕೆಂದು 2010ರಲ್ಲಿ ಬಂದು, ಈಗ ತಯಾರಿಕೆ ನಿಂತಿರುವ ಕಿನೆಕ್ಟ್ ಆಳವನ್ನೂ ಅಳೆಯುತ್ತಿದ್ದುದರಿಂದಲೇ ವಿಜ್ಞಾನಿಗಳು ಅದನ್ನು ಪ್ರಯೋಗಶಾಲೆಗೆ ಒಯ್ದರು. ಮೈಬ್ರಿಜ್‌ನ ಕುದುರೆ ಓಡಿದ ಜಮೀನಿನಲ್ಲೇ ಎದ್ದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಓಪನ್‌ಕ್ಯಾಪ್ ಎಂಬ ಏರ್ಪಾಡಿಗೆ ಎರಡು ಐಫೋನುಗಳು ಸಾಕು. ಎರಡು ಕಡೆಯ ಚಿತ್ರಗಳನ್ನು ಹೊಂದಿಸಿ, ಕಂಪ್ಯೂಟರು ಕೀಲುಗಳ ಚಲನೆಯನ್ನು ಮೂರು ಆಯಾಮಗಳಲ್ಲಿ ಕಟ್ಟಿಕೊಡುತ್ತದೆ. ಸ್ನಾಯುಗಳ ಬಲವನ್ನೂ ಅದು ಹೇಳುತ್ತದೆ, ಆದರೆ ಅದು ಅಳೆದ ಬಲವಲ್ಲ; ಚಲನೆಯಿಂದ ಲೆಕ್ಕ ಹಾಕಿದ ಅಂದಾಜು.