ಡಾಕ್ಟರೇಟ್ ಕೈಗೆ ಬಂದ ಮೇಲೆ

ಮಗಳಿಗೆ ಪಿಎಚ್.ಡಿ. ಬಂತೆಂದು ಕೃತಜ್ಞತಾ ಬಲಿಪೂಜೆ ಮಾಡಿಸಿದ ತಂದೆತಾಯಿಗಳೇ ಆರು ತಿಂಗಳು ಕಳೆಯುವಷ್ಟರಲ್ಲಿ "ಇನ್ನೂ ಕೆಲಸ ಆಗಲಿಲ್ಲವೇ?" ಎಂದು ಕೇಳತೊಡಗುತ್ತಾರೆ. ಭಾನುವಾರ ಪೂಜೆ ಮುಗಿದು ಚರ್ಚಿನ ಅಂಗಳಕ್ಕೆ ಬಂದರೆ ನೆರೆಯವರದೂ ಅದೇ ಪ್ರಶ್ನೆ. ಅದರ ಬೆನ್ನಿಗೇ ಮದುವೆಯ ಪ್ರಸ್ತಾಪ. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು ಪ್ರಾಧ್ಯಾಪಕರಾಗುವ ಮೊದಲು ಕೆಲವು ವರ್ಷ ಬೇರೊಂದು ವಿಶ್ವವಿದ್ಯಾನಿಲಯದಲ್ಲಿ ಸಂಶೋಧಕರಾಗಿ ದುಡಿಯುವುದು ವಾಡಿಕೆ. 'ಪೋಸ್ಟ್‌ಡಾಕ್' ಎಂಬ ಈ ಸ್ಥಾನ ಓದೂ ಅಲ್ಲ, ಕಾಯಂ ನೌಕರಿಯೂ ಅಲ್ಲ. ಇದು ತಿಳಿಯದೆ ಮನೆಯೊಳಗೆ ಮಾತೇ ನಿಂತುಹೋದ ಕುಟುಂಬಗಳನ್ನು ನಾವು ಬಲ್ಲೆವು.

ಬೆಲ್ಜಿಯಮ್ಮಿನ ಧರ್ಮಗುರು ಜಾರ್ಜ್ ಲೆಮೇತ್ರ್ ನಡೆದುದೂ ಇದೇ ಹಾದಿಯಲ್ಲಿ. 1920ರಲ್ಲಿ ಲುವೇನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದ ಅವರು 1923ರಲ್ಲಿ ಗುರುದೀಕ್ಷೆ ಸ್ವೀಕರಿಸಿದರು. ಐನ್‌ಸ್ಟೈನರ ಭೌತಶಾಸ್ತ್ರದ ಕುರಿತ ಪ್ರಬಂಧವೊಂದು ಅವರಿಗೆ ಪ್ರವಾಸ ವಿದ್ಯಾರ್ಥಿವೇತನವನ್ನು ಗಳಿಸಿಕೊಟ್ಟಿತ್ತು. ಅದೇ ವರ್ಷ ಕೇಂಬ್ರಿಡ್ಜಿನಲ್ಲಿ ಎಡಿಂಗ್‌ಟನ್ನರ ಬಳಿ, ಮರುವರ್ಷ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಶ್ಯಾಪ್ಲಿಯವರ ಬಳಿ ಕಲಿತರು. 1925ರಲ್ಲಿ ಲುವೇನಿಗೆ ಮರಳಿ ಅಧ್ಯಾಪಕರಾದರು. ವಿಶ್ವವು ಹಿಗ್ಗುತ್ತಿದೆ ಎಂಬ ಅವರ ಲೇಖನ ಪ್ರಕಟವಾದದ್ದು 1927ರಲ್ಲಿ. ಹೊಸದಾಗಿ ಅಭಿಷಿಕ್ತನಾದ ಗುರುವನ್ನು ಧರ್ಮಕೇಂದ್ರಕ್ಕೆ ನೇಮಿಸದೆ ಓದಿಗೆ ಬಿಟ್ಟುಕೊಟ್ಟ ಕಾರ್ಡಿನಲ್ ಮೆರ್ಸಿಯೆ ಅವರನ್ನೂ ಇಲ್ಲಿ ನೆನೆಯಬೇಕು. ಬಿಟ್ಟುಕೊಡುವುದು ಅವರಿಗೂ ಸುಲಭವಾಗಿದ್ದಿರಲಾರದು.

ಲೆಮೇತ್ರ್ ಅರಸಿ ಹೋದದ್ದು ಊರನ್ನಲ್ಲ, ವಿದ್ವಾಂಸರನ್ನು. ಇಂದಿಗೂ ಹೀಗೆಯೇ. ಜಾಹೀರಾತುಗಳು ಇರುತ್ತವೆ, ನಿಜ. ಆದರೆ ಅನೇಕ ಸ್ಥಾನಗಳು ದೊರೆಯುವುದು ಪ್ರಾಧ್ಯಾಪಕರಿಗೆ ನೇರವಾಗಿ ಬರೆದ ಪತ್ರದಿಂದ. ಅವರ ಇತ್ತೀಚಿನ ಲೇಖನಗಳನ್ನು ಓದಿ, ಅವರ ಪ್ರಯೋಗಾಲಯಕ್ಕೆ ತಾನು ಯಾವ ಹೊಸ ಕೌಶಲವನ್ನು ತರಬಲ್ಲೆನೆಂದು ಒಂದೇ ಪುಟದಲ್ಲಿ ಹೇಳಬೇಕು. ಹೆಸರು ಮಾತ್ರ ಬದಲಿಸಿ ಐವತ್ತು ಮಂದಿಗೆ ಕಳುಹಿಸಿದ ಪತ್ರವನ್ನು ಅವರು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ. ಮಾರ್ಗದರ್ಶಕರ ಶಿಫಾರಸು ಪತ್ರಕ್ಕೆ ತುಂಬ ಬೆಲೆಯಿರುವುದರಿಂದ ಅವರೊಡನೆ ಮನಸ್ತಾಪ ಮಾಡಿಕೊಂಡು ಹೊರಬೀಳುವುದು ಜಾಣತನವಲ್ಲ.

ಫೆಲೋಶಿಪ್ಪುಗಳಿಗೂ ಪ್ರಾಧ್ಯಾಪಕರ ಒಪ್ಪಿಗೆಯೇ ಬುನಾದಿ. ಜರ್ಮನಿಯ ಹುಂಬೋಲ್ಟ್ ಪ್ರತಿಷ್ಠಾನದ ಅರ್ಜಿಗೆ ಅಲ್ಲಿಯ ಪ್ರಾಧ್ಯಾಪಕರ ಬೆಂಬಲ ಬೇಕು. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್ಪಿನ ನಿಯಮದಂತೆ, ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಆ ದೇಶದಲ್ಲೇ ನೆಲೆಸಿ ದುಡಿದವರು ಅಥವಾ ಓದಿದವರು ಅಲ್ಲಿಗೆ ಅರ್ಜಿ ಹಾಕುವಂತಿಲ್ಲ. ನಮ್ಮ ದೇಶದ ರಾಷ್ಟ್ರೀಯ ಪೋಸ್ಟ್‌ಡಾಕ್ ಫೆಲೋಶಿಪ್ಪಿನ ಅವಧಿ ಎರಡು ವರ್ಷ. ಅದಕ್ಕೆ ವಯೋಮಿತಿಯೂ ಉಂಟು. ಮನೆಯ ಒತ್ತಾಯಕ್ಕೆ ಮಣಿದು "ಆಮೇಲೆ ನೋಡೋಣ" ಎಂದವರಿಗೆ, ಹೆಚ್ಚಾಗಿ ಹೆಣ್ಣುಮಕ್ಕಳಿಗೆ, ಬಾಗಿಲು ಮುಚ್ಚುವುದು ಇಲ್ಲಿಯೇ.

ಪತ್ರಕ್ಕೆ ಉತ್ತರ, ಅರ್ಜಿ, ಆಯ್ಕೆ, ವೀಸಾ ಎಲ್ಲ ಸೇರಿ ಒಂದು ವರ್ಷ ಹಿಡಿದರೂ ಆಶ್ಚರ್ಯವಿಲ್ಲ. ಆದುದರಿಂದ ಪ್ರಬಂಧ ಸಲ್ಲಿಸುವ ಮೊದಲೇ ಮೊದಲ ಪತ್ರ ಹೊರಡಬೇಕು. ಆ ವರ್ಷದ ಮನೆಖರ್ಚಿನ ಲೆಕ್ಕವನ್ನು ಮಗಳೊಡನೆ ಕುಳಿತು ಹಾಕಿದ ತಂದೆಯೊಬ್ಬರನ್ನು ನಾವು ಬಲ್ಲೆವು. ಚರ್ಚಿನ ಅಂಗಳದ ಪ್ರಶ್ನೆಗಳಿಗೆ ಈಗ ಅವರೇ ಉತ್ತರಿಸುತ್ತಾರೆ.